ಚಿಕ್ ಚಾಕೊಲೇಟ್ ಯಾರು? ಬ್ಯಾಂಡ್ ಬಾರಿಸಿದವರ ಹೆಸರು ಎಲ್ಲಿ ಹೋದವು?

ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರುಸೊತ್ತಿದ್ದಾಗ ಓದ್ರಿ, ಅರ್ಧಕ್ಕ ಬಿಟ್ಟು ಲೈಕ್ ಒತ್ತಬ್ಯಾಡ್ರಿ.

1951ರಲ್ಲಿ ‘ಅಲ್‌ಬೇಲಾ’ ಅನ್ನೋ ಹಿಂದಿ ಸಿನಿಮಾ ಬಂತು. ನಾಯಕನೂ ನಿರ್ದೇಶಕನೂ ಭಗವಾನ್ ದಾದಾ, ನಾಯಕಿ ಗೀತಾ ಬಾಲಿ, ಸಂಗೀತ ಸಿ. ರಾಮಚಂದ್ರ. ‘ಶೋಲಾ ಜೋ ಭಡಕೆ’ ಬಾರಿಸದ ಮದುವೆ ಬ್ಯಾಂಡ್ ನಮ್ಮ ಬೆಳಗಾವಿ ಕಡೆ ಒಂದು ಕಾಲಕ್ಕೆ ಇರಲಿಲ್ಲ. ಆ ಸಿನಿಮಾದ ಹಾಡುಗಳು ಯೂಟ್ಯೂಬ್‌ನಲ್ಲಿ ಸಿಗ್ತಾವ. ಭಗವಾನ್ ದಾದಾನ ಕಾಲು ನೋಡೋದು ಬಿಟ್ಟು ಹಿಂದೆ ವಾದ್ಯ ಹಿಡಿದು ನಿಂತವರನ್ನ ಹುಡುಕಿ ನೋಡ್ರಿ. ಝಾಲರಿನ ಅಂಗಿ ಹಾಕಿಕೊಂಡ ಒಂದು ತಂಡ ಕಾಣಿಸುತ್ತೆ. ಅವರು ಸುಮ್ಮನೆ ನಿಲ್ಲಿಸಿದ ಎಕ್ಸ್‌ಟ್ರಾಗಳಲ್ಲ. ಬಾಂಬೆಯ ದೊಡ್ಡ ಹೋಟೆಲ್‌ಗಳಲ್ಲಿ ಬಾರಿಸಿದ ಖರೇ ಬ್ಯಾಂಡ್. ಅದರ ನಾಯಕ ಚಿಕ್ ಚಾಕೊಲೇಟ್.

ಮನೆಯಲ್ಲಿ ಇಟ್ಟ ಹೆಸರು ಆಂಟೋನಿಯೋ ಝೇವಿಯರ್ ವಾಜ್. 1916ರಲ್ಲಿ ಗೋವಾದ ಆಲ್ಡೋನಾದಲ್ಲಿ ಹುಟ್ಟಿದವ. ಚೋರ್ಲಾ ಘಾಟ್ ಇಳಿದು ಹೋದರೆ ನಮಗೆ ಎಷ್ಟು ದೂರ ಹೇಳ್ರಿ? ಅವನನ್ನು ‘ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್’ ಅಂತ ಕರೀತಿದ್ರು. ಆರ್ಮ್‌ಸ್ಟ್ರಾಂಗ್ ಅಂದ್ರೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬಡ ಕಪ್ಪು ಕೇರಿಯಲ್ಲಿ ಹುಟ್ಟಿ ಟ್ರಂಪೆಟ್ ಊದಿ ಜಗತ್ತನ್ನೇ ತನ್ನ ಕಡೆ ತಿರುಗಿಸಿಕೊಂಡ ಮನುಷ್ಯ. ಅವನ ಹಾಗೇ ಕೈಯಲ್ಲಿ ಬಿಳಿ ಕರ್ಚೀಫು, ಅವನ ಹಾಗೇ ಗೊಗ್ಗರು ದನಿ. ಬಾಂಬೆಯ ಶ್ರೀಮಂತರು ಕುಣಿಯೋ ಹಾಲ್‌ನಲ್ಲಿ ಒಬ್ಬ ಗೋವಾದ ಹಳ್ಳಿ ಹುಡುಗ ಒಬ್ಬ ಕಪ್ಪು ಮನುಷ್ಯನ ವೇಷ ಕಟ್ಟಿಕೊಂಡು ನಿಂತಿದ್ದ. ಈ ಚಿತ್ರ ನನ್ನ ತಲೆಯಿಂದ ಹೋಗ್ತಾ ಇಲ್ಲ. ಅದಕ್ಕೇ ಈ ಬರಹ.

ಮೊದಲು ಆ ಸಂಗೀತದ ಬೇರು ನೋಡೋಣ. ನಮ್ಮ ಹುಡುಗರು ಜಾಝ್ ಅಂದ್ರೆ ಶ್ರೀಮಂತರ ಹೋಟೆಲ್ ಸಂಗೀತ ಅಂದುಕೊಂಡಿದ್ದಾರೆ. ಅಲ್ಲ. ಅದು ಗುಲಾಮರ ಮೊಮ್ಮಕ್ಕಳು ಕಟ್ಟಿದ ಸಂಗೀತ. 1930ರ ದಶಕದಲ್ಲಿ ಅದು ಹನ್ನೆರಡು ಹದಿನೈದು ಜನರ ದೊಡ್ಡ ಬ್ಯಾಂಡ್‌ಗಳಾಗಿ ಬೆಳೆದು, ಅಮೆರಿಕದ ತುಂಬ ಜನ ಅದಕ್ಕೆ ಕುಣಿಯೋಕೆ ಶುರು ಮಾಡಿದ್ರು. ಆ ಕಾಲಕ್ಕೆ ‘ಸ್ವಿಂಗ್’ ಕಾಲ ಅಂತ ಹೆಸರು. ಆ ಕಾಲದ ದೊಡ್ಡ ಬ್ಯಾಂಡ್ ನಾಯಕರಲ್ಲಿ ಒಬ್ಬ ಡ್ಯೂಕ್ ಎಲಿಂಗ್ಟನ್. ಅವನು ನ್ಯೂಯಾರ್ಕಿನ ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ ಬಾರಿಸೋಕೆ ಶುರು ಮಾಡಿದ್ದು 1927ರ ಡಿಸೆಂಬರ್ 4ಕ್ಕೆ. ಕ್ಲಬ್ ಇದ್ದದ್ದು ಕಪ್ಪು ಜನರ ಕೇರಿಯಲ್ಲಿ. ಬಾರಿಸೋರು, ಕುಣಿಯೋರು, ತಟ್ಟೆ ಎತ್ತೋರು ಎಲ್ಲಾ ಕಪ್ಪು ಜನ. ಕುಂತು ನೋಡೋರು ಮಾತ್ರ ಬಿಳಿಯರು. ಕಪ್ಪು ಗಿರಾಕಿಗೆ ಬಾಗಿಲಲ್ಲೇ ತಡೆ. ಒಳಗಿನ ಅಲಂಕಾರ ಹತ್ತಿ ತೋಟದ್ದು, ಅಂದ್ರೆ ಅವರ ಅಜ್ಜಂದಿರನ್ನು ಕಟ್ಟಿ ದುಡಿಸಿದ ಅದೇ ತೋಟದ ನಮೂನೆ!

ಅದೇ ಡಿಸೆಂಬರ್ 25ಕ್ಕೆ ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಮನುಸ್ಮೃತಿ ಸುಟ್ಟರು. ಮೂರೇ ವಾರದ ಅಂತರ. ಒಂದಕ್ಕೊಂದು ಸಂಬಂಧ ಐತಿ ಅಂತ ನಾನು ಹೇಳ್ತಾ ಇಲ್ಲ. ಆದರೆ ನಮ್ಮ ಚರಿತ್ರೆ ಓದುವಾಗ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬ ಯಾವ ಬಾಗಿಲ ಮುಂದೆ ನಿಂತಿದ್ದ ಅಂತ ನೋಡೋದು ಒಳ್ಳೇ ರೂಢಿ. ಬಾಬಾಸಾಹೇಬರಿಗೆ ಆ ರೂಢಿ ಇತ್ತು. 1913ರಿಂದ 1916ರ ತನಕ ಅವರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಹಾರ್ಲೆಮ್‌ಗೆ ಹೊಂದಿಕೊಂಡೇ ಐತಿ. 1946ರಲ್ಲಿ ಅವರು ಕಪ್ಪು ಜನರ ಚಿಂತಕ ಡು ಬೋಯಿಸ್‌ಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ರು. ಜುಲೈ 31ಕ್ಕೆ ಡು ಬೋಯಿಸ್ ಉತ್ತರ ಬರೆದ್ರು.

ಎಲಿಂಗ್ಟನ್ ಆಮೇಲೆ ಬಹಳ ದೊಡ್ಡ ಹೆಸರಾದ. ಅಷ್ಟಾದರೂ 1930ರ ದಶಕದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಹೋದಾಗ ಅವನಿಗೆ ಹೋಟೆಲ್‌ನಲ್ಲಿ ರೂಮು ಕೊಡ್ತಿರಲಿಲ್ಲ. ಅವನು ಏನು ಮಾಡಿದ ಗೊತ್ತೇನು? ತನ್ನ ತಂಡಕ್ಕೆ ಅಂತ ಪುಲ್‌ಮನ್ ರೈಲು ಬೋಗಿಗಳನ್ನೇ ಬಾಡಿಗೆ ಹಿಡಿದ. ಅದರಲ್ಲೇ ಮಲಗೋದು, ಅದರಲ್ಲೇ ಊಟ. ಊರ ಸ್ಟೇಷನ್‌ನಲ್ಲಿ ಬೋಗಿ ಬಿಚ್ಚಿ ನಿಲ್ಲಿಸೋರು, ರಾತ್ರಿ ಬಾರಿಸಿ ಬಂದು ಬೋಗಿಯಲ್ಲಿ ಮಲಗೋರು. ಜನ ಅದನ್ನ ಶ್ರೀಮಂತಿಕೆ ಅಂದುಕೊಂಡ್ರು. ಬೇಡುವ ಬದಲು ತನ್ನ ಚಾವಡಿ ತಾನೇ ಹೊತ್ತು ತಿರುಗಿದ ಅಂತ ನನಗೆ ಅನ್ನಿಸ್ತದ.

ಹೆಸರಿನ ಲೆಕ್ಕ ಶುರುವಾಗೋದು ಇಲ್ಲಿಂದ. ಆ ಕಾಲಕ್ಕೆ ‘ಸ್ವಿಂಗ್‌ನ ರಾಜ’ ಅಂತ ಕಿರೀಟ ಇಟ್ಟಿದ್ದು ಬೆನ್ನಿ ಗುಡ್‌ಮನ್ ಅನ್ನೋ ಬಿಳಿಯ ಕ್ಲಾರಿನೆಟ್ ವಾದಕನಿಗೆ. 1935ರ ಆಗಸ್ಟ್ 21ಕ್ಕೆ ಲಾಸ್ ಏಂಜಲೀಸ್‌ನ ಪ್ಯಾಲೋಮಾರ್ ಹಾಲ್‌ನಲ್ಲಿ ಅವನ ಬ್ಯಾಂಡಿಗೆ ಹುಡುಗರು ಹುಚ್ಚೆದ್ದು ಕುಣಿದ್ರು, ಅಲ್ಲಿಂದ ಸ್ವಿಂಗ್ ಕಾಲ ಶುರು ಅಂತ ಪುಸ್ತಕಗಳಲ್ಲಿ ಬರೀತಾರೆ. ಆ ರಾತ್ರಿ ಹುಚ್ಚೆಬ್ಬಿಸಿದ ಸ್ವರಜೋಡಣೆ ಬರೆದುಕೊಟ್ಟವನು ಫ್ಲೆಚರ್ ಹೆಂಡರ್ಸನ್. ಕಪ್ಪು ಮನುಷ್ಯ. ಅಟ್ಲಾಂಟಾದಲ್ಲಿ ಕೆಮಿಸ್ಟ್ರಿ ಓದಿ ಪದವಿ ಹಿಡಿದುಕೊಂಡು 1920ರಲ್ಲಿ ನ್ಯೂಯಾರ್ಕಿಗೆ ಬಂದವ. ಆ ಪದವಿಗೆ ತಕ್ಕ ನೌಕರಿ ಆ ಬಣ್ಣದವನಿಗೆ ಸಿಗಲಿಲ್ಲ, ಪಿಯಾನೋ ಹಿಡಿದ. ತನ್ನದೇ ದೊಡ್ಡ ಬ್ಯಾಂಡ್ ಕಟ್ಟಿದ, 1924ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್‌ನನ್ನೂ ಕರೆಸಿಕೊಂಡ. ಹತ್ತು ವರ್ಷದ ಮೇಲೆ ಕೈಯಲ್ಲಿ ರೊಕ್ಕ ಇಲ್ಲದೆ ಬ್ಯಾಂಡ್ ಮುರಿದಾಗ ತನ್ನ ಸ್ವರಜೋಡಣೆಗಳನ್ನು ಗುಡ್‌ಮನ್‌ಗೆ ಮಾರಿದ. ಕಟ್ಟಿದವನು ಹೆಂಡರ್ಸನ್, ರಾಜ ಗುಡ್‌ಮನ್.

ಗುಡ್‌ಮನ್ ಕೆಟ್ಟ ಮನುಷ್ಯ ಅಂತ ನಾನು ಹೇಳೋದಿಲ್ಲ. ಅವನೂ ಶಿಕಾಗೋದ ಬಡ ಯಹೂದಿ ವಲಸೆಗಾರರ ಮಗ. ಹೆಂಡರ್ಸನ್ ಹೆಸರನ್ನು ಬಾಯಿಬಿಟ್ಟು ಹೇಳಿದ, ಆಮೇಲೆ ತನ್ನ ಬ್ಯಾಂಡಿನಲ್ಲೇ ಕೆಲಸ ಕೊಟ್ಟ. ಟೆಡ್ಡಿ ವಿಲ್ಸನ್, ಲಯನೆಲ್ ಹ್ಯಾಂಪ್ಟನ್ ಅನ್ನೋ ಇಬ್ಬರು ಕಪ್ಪು ಕಲಾವಿದರನ್ನು ತನ್ನ ಜೊತೆ ವೇದಿಕೆ ಮೇಲೆ ಕೂರಿಸಿಕೊಂಡ. ಬೆರಕೆ ತಂಡವನ್ನು ಜನ ಸಹಿಸದ ಕಾಲ ಅದು. 1938ರ ಜನವರಿ 16ಕ್ಕೆ ಕಾರ್ನೆಗಿ ಹಾಲ್‌ನಲ್ಲೂ ಅವರೆಲ್ಲ ಒಟ್ಟಿಗೇ ಬಾರಿಸಿದ್ರು. ಒಳ್ಳೆಯವನೇ. ಆದರೆ ಒಬ್ಬ ಒಳ್ಳೆಯವ ಇದ್ದ ಮಾತ್ರಕ್ಕೆ ಕಿರೀಟ ಯಾರ ತಲೆಗೆ ಹೋಗಬೇಕು ಅನ್ನೋ ಪದ್ಧತಿ ಬದಲಾಗೋದಿಲ್ಲ. ನಮ್ಮ ಊರಲ್ಲೂ ಒಳ್ಳೇ ಗೌಡರು ಇದ್ದರಲ್ಲ, ಹಂಗ.

(ನಾನು ಆಫೀಸಿನಲ್ಲಿ ಕ್ಲರ್ಕ್. ಕರಡು ಬರೆಯೋದು ನಾವು, ಸಹಿ ಸಾಹೇಬರದು, ಶಹಬ್ಬಾಸ್‌ಗಿರಿನೂ ಅವರದೇ. ಅದಕ್ಕೇ ಹೆಂಡರ್ಸನ್ ನನಗೆ ಭಾಳ ಬೇಗ ಅರ್ಥ ಆದ.)

ಇನ್ನು ಬಾಂಬೆಗೆ ಬರೋಣ. 1935ರ ಅಕ್ಟೋಬರ್ 13ಕ್ಕೆ ಯೇವಲೆಯಲ್ಲಿ ಬಾಬಾಸಾಹೇಬರು ತಾವು ಹಿಂದೂವಾಗಿ ಸಾಯೋದಿಲ್ಲ ಅಂತ ಘೋಷಿಸಿದ್ರು. ಆ ವರ್ಷ ಅವರು ಬಾಂಬೆಯ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲ್. ಅದೇ ವರ್ಷದ ಚಳಿಗಾಲಕ್ಕೆ, ಅಲ್ಲಿಂದ ನಡೆದು ಹೋಗುವಷ್ಟು ದೂರದ ತಾಜ್ ಮಹಲ್ ಹೋಟೆಲ್‌ಗೆ ಲಿಯಾನ್ ಆಬಿ ಅನ್ನೋ ಕಪ್ಪು ಪಿಟೀಲುಗಾರ ತನ್ನ ಬ್ಯಾಂಡ್ ತಂದ. ಆ ಹೋಟೆಲ್‌ನಲ್ಲಿ ಬಾರಿಸಿದ ಮೊದಲ ಕಪ್ಪು ಅಮೆರಿಕನ್ ಜಾಝ್ ತಂಡ ಅದು. ಅವನ ಹಿಂದೆ ಕ್ರಿಕೆಟ್ ಸ್ಮಿತ್ ಅನ್ನೋ ಟ್ರಂಪೆಟ್ ವಾದಕ, ಟೆಡ್ಡಿ ವೆದರ್‌ಫೋರ್ಡ್ ಅನ್ನೋ ಪಿಯಾನೋ ವಾದಕ ಬಂದ್ರು.

ವೆದರ್‌ಫೋರ್ಡ್ ಕತೆ ಸ್ವಲ್ಪ ಹೇಳಲೇಬೇಕು. 1903ರಲ್ಲಿ ಹುಟ್ಟಿದವ, ಶಿಕಾಗೋದಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ಒಂದೇ ಆರ್ಕೆಸ್ಟ್ರಾದಲ್ಲಿ ಬಾರಿಸಿದವ. 1926ರಲ್ಲಿ ಅಮೆರಿಕ ಬಿಟ್ಟು ಏಷ್ಯಾಕ್ಕೆ ಬಂದವನು ಶಾಂಘೈ ಸುತ್ತಿ ಬಾಂಬೆಗೆ ಬಂದ, ಆಮೇಲೆ ಕಲ್ಕತ್ತಾ. ಅಲ್ಲಿ ಗ್ರ್ಯಾಂಡ್ ಹೋಟೆಲ್‌ನಲ್ಲಿ ದೊಡ್ಡ ಬ್ಯಾಂಡ್ ನಡೆಸಿದ. ಅದು ಎರಡನೇ ಮಹಾಯುದ್ಧದ ಕಾಲ. ನಮ್ಮ ಸಾಂಬ್ರಾದ ವಿಮಾನ ನಿಲ್ದಾಣ ಹುಟ್ಟಿದ್ದೂ ಅದೇ ಯುದ್ಧದಲ್ಲಿ. 1942ರಲ್ಲಿ ಬ್ರಿಟಿಷರ ವಾಯುಪಡೆ ಬರ್ಮಾ ಯುದ್ಧಕ್ಕೆ ತಯಾರಿ ಮಾಡೋಕೆ ಇಲ್ಲಿ ಹೊಲದ ನಡುವೆ ರನ್‌ವೇ ಹಾಕಿತು. ಆ ಬರ್ಮಾ ಗಡಿಯಲ್ಲಿ ಲೆಡೊ ರಸ್ತೆ ಕಡಿದ ಅಮೆರಿಕನ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಜನ. ಸೈನ್ಯದಲ್ಲೂ ಅವರ ಪಲ್ಟನ್ ಬೇರೆ, ಬಿಳಿಯರದು ಬೇರೆ. ರಸ್ತೆ ಕಡಿಯೋ ಕೆಲಸ ಯಾರಿಗೆ ಬಂತು ಅಂತ ಹೇಳೋದೇ ಬ್ಯಾಡ. ವೆದರ್‌ಫೋರ್ಡ್ 1945ರ ಏಪ್ರಿಲ್‌ನಲ್ಲಿ ಕಲ್ಕತ್ತಾದಲ್ಲೇ ಕಾಲರಾ ತಗುಲಿ ಸತ್ತ. ಆಗ ಅವನಿಗೆ ನಲವತ್ತೊಂದೋ ನಲವತ್ತೆರಡೋ. ಹೆಚ್ಚುಕಡಿಮೆ ನನ್ನ ವಯಸ್ಸು.

ಇಂಥವರ ಬ್ಯಾಂಡ್‌ಗಳಲ್ಲಿ ಖಾಲಿ ಬಿದ್ದ ಕುರ್ಚಿಗಳಿಗೆ ಬಂದು ಕೂತವರು ಗೋವಾದವರು, ಆಂಗ್ಲೋ ಇಂಡಿಯನ್ನರು. ಗೋವಾದವರೇ ಯಾಕೆ? ಯಾಕಂದ್ರೆ ಅವರಿಗೆ ಸ್ವರಲಿಪಿ ಓದೋಕೆ ಬರ್ತಿತ್ತು. ಪೋರ್ಚುಗೀಸರ ಕಾಲದಲ್ಲಿ ಗೋವಾದ ಚರ್ಚುಗಳ ಮಗ್ಗುಲಲ್ಲಿ ಶಾಲೆ ಇರ್ತಿದ್ವು. ಅಲ್ಲಿ ಮೇಸ್ತ್ರಿ ಅಂತ ಒಬ್ಬ ಸಂಗೀತದ ಮಾಸ್ತರ. ಮಕ್ಕಳಿಗೆ ಅಕ್ಷರದ ಜೊತೆ ಐದು ಗೆರೆ ಮೇಲಿನ ಸ್ವರ ಓದೋದು, ಪಿಟೀಲು ಹಿಡಿಯೋದು ಕಲಿಸ್ತಿದ್ದ. ಚರ್ಚಿನ ಪೂಜೆಗೆ ಹಾಡೋರು ಬೇಕಿತ್ತು, ಅದಕ್ಕ. ಆದರೆ ಕಲಿತ ಮೇಲೆ ಅದು ಹೊಟ್ಟೆಪಾಡಿನ ವಿದ್ಯೆ ಆಯ್ತು. ಬ್ರಿಟಿಷ್ ಪಲ್ಟನ್ ಬ್ಯಾಂಡು, ರಾಜರ ಬ್ಯಾಂಡು, ಹಡಗಿನ ಬ್ಯಾಂಡು, ಮೂಕಿ ಸಿನಿಮಾದ ಥೇಟರು, ಎಲ್ಲೆಲ್ಲೂ ಗೋವಾದವರು.

ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ. ಕ್ರಿಶ್ಚಿಯನ್ ಆದ ಮಾತ್ರಕ್ಕೆ ಗೋವಾದಲ್ಲಿ ಜಾತಿ ಹೋಗಲಿಲ್ಲ. ಬಾಮಣ, ಚಾರಡೋ, ಸುದಿರ್ ಅಂತ ಚರ್ಚಿನೊಳಗೂ ಉಳಿದುಕೊಂಡಿತು. ಚರ್ಚಿನ ಸಂಘಗಳು ಎಷ್ಟೋ ಕಡೆ ಜಾತಿ ಪ್ರಕಾರವೇ. ಮಹಾರ, ಚಮಾರ ಕ್ರಿಶ್ಚಿಯನ್ನರು ಎಲ್ಲರ ಕೆಳಗೆ. ಮತಾಂತರದ ಬಗ್ಗೆ ನಮ್ಮಲ್ಲಿ ಮಾತಾಡೋರು ಇದನ್ನ ಮರೀಬಾರದು. ಬಾಬಾಸಾಹೇಬರು ಯೇವಲೆಯಿಂದ ನಾಗಪುರಕ್ಕೆ ಹೋಗೋಕೆ ಇಪ್ಪತ್ತೊಂದು ವರ್ಷ ತಗೊಂಡದ್ದು ಸುಮ್ಮನೆ ಅಲ್ಲ.

ಗೋವಾದಿಂದ ಬಾಂಬೆಗೆ ಆಗ ಮುಖ್ಯವಾಗಿ ಎರಡು ದಾರಿ. ಒಂದು ಪಣಜಿಯಿಂದ ಸ್ಟೀಮರ್. ಇನ್ನೊಂದು ರೈಲು: ಮುರಗಾವ್, ಕ್ಯಾಸಲ್‌ರಾಕ್, ಲೋಂಡಾ, ಖಾನಾಪುರ, ಬೆಳಗಾವಿ, ಮೀರಜ್, ಪುಣೆ. ಕ್ಯಾಸಲ್‌ರಾಕ್‌ನಲ್ಲಿ ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿಸಿ ನೋಡೋರು. ಆ ಹಳಿ ನಮ್ಮ ಸಾಂಬ್ರಾದ ಮಗ್ಗುಲಿಂದಲೇ ಹೋಗ್ತದ. ಪಿಟೀಲು, ಟ್ರಂಪೆಟ್ಟಿನ ಪೆಟ್ಟಿಗೆ ತೊಡೆ ಮೇಲೆ ಇಟ್ಟುಕೊಂಡು ಎಷ್ಟು ಹುಡುಗರು ಈ ದಾರಿ ಹಿಡಿದಿರಬೇಕು! ಹೊಲದಲ್ಲಿ ಕಳೆ ತೆಗೀತಿದ್ದ ನಮ್ಮ ಅಜ್ಜಿಯರು ತಲೆ ಎತ್ತಿ ನೋಡಿರಬಹುದು. 1955ರಲ್ಲಿ ಗಡಿ ಮುಚ್ಚಿದಾಗ ಆ ರೈಲೂ ನಿಂತಿತು.

ಬಾಂಬೆಗೆ ಇಳಿದವರು ಧೋಬಿ ತಲಾವ್ ಸುತ್ತ ‘ಕೂಡ್’ ಅನ್ನೋ ಜಾಗದಲ್ಲಿ ಇರ್ತಿದ್ರು. ಒಂದೊಂದು ಊರಿನವರಿಗೆ ಒಂದೊಂದು ಕೂಡ್. ದೊಡ್ಡ ಹಾಲು, ಗೋಡೆಗುಂಟ ಟ್ರಂಕುಗಳು, ಮಧ್ಯ ಚಾಪೆ. ಬಾಡಿಗೆ ಕಡಿಮೆ. ಕೆಲಸ ಸಿಕ್ಕರೆ ಹೋಟೆಲು, ಇಲ್ಲಾಂದ್ರೆ ಚಾಪೆ. ರಾತ್ರಿ ಕೋಟು, ಬೋ ಟೈ ಹಾಕಿ ಮಹಾರಾಜರ ಮುಂದೆ ಬಾರಿಸಿ, ಬೆಳಗಿನ ಜಾವ ಚಾಪೆಗೆ ಬಂದು ಬೀಳೋ ಜೀವನ.

ಆಂಟೋನಿಯೋ ವಾಜ್‌ನ ತಾಯಿಗೆ ಮಗ ಮೆಕ್ಯಾನಿಕ್ ಆಗಲಿ ಅಂತ ಆಸೆ ಇತ್ತಂತೆ. ಮಗನಿಗೆ ಟ್ರಂಪೆಟ್ ಹುಚ್ಚು. ಮೊದಲು ಬೇರೆಯವರ ಜೊತೆ ಬಾರಿಸಿ, 1940ರ ದಶಕದಲ್ಲಿ ‘ಮ್ಯೂಸಿಕ್ ಮೇಕರ್ಸ್’ ಅಂತ ತನ್ನದೇ ಬ್ಯಾಂಡ್ ಕಟ್ಟಿದ. ತಾಜ್‌ನ ಪಕ್ಕದಲ್ಲೇ ಗ್ರೀನ್ಸ್ ಅಂತ ಹೋಟೆಲ್ ಇತ್ತು, ಅಲ್ಲಿ ಅವನ ಬ್ಯಾಂಡ್. ಗ್ರೀನ್ಸ್ ಈಗ ಇಲ್ಲ, ಆ ಜಾಗದಲ್ಲೇ ತಾಜ್‌ನ ಎತ್ತರದ ಹೊಸ ಟವರ್ ನಿಂತದ. ತಾಜ್‌ನೊಳಗೆ ಮಿಕಿ ಕೊರಿಯಾ ಅನ್ನೋ ಇನ್ನೊಬ್ಬ ನಾಯಕ 1939ರಿಂದ ಸುಮಾರು ಎರಡು ದಶಕ ಬ್ಯಾಂಡ್ ನಡೆಸಿದ. ಯುದ್ಧ ಕಾಲದ ಬಾಂಬೆಯಲ್ಲಿ ಗೋರಾ ಸೈನಿಕರು, ಅಧಿಕಾರಿಗಳು, ರಾಜರು, ಪಾರ್ಸಿ ಶ್ರೀಮಂತರು ಎಲ್ಲರಿಗೂ ಕುಣಿಯೋಕೆ ಬ್ಯಾಂಡ್ ಬೇಕಿತ್ತು. ಚಿಕ್‌ನ ಬೆಲೆ ಏರಿತು.

ಆ ಹೆಸರಿನ ಬಗ್ಗೆ ಒಂದು ಮಾತು. ‘ಚಿಕ್’ ಅನ್ನೋದು ಪೋರ್ಚುಗೀಸ್‌ನ ‘ಚಿಕೊ’ದಿಂದ ಬಂದದ್ದು, ಸಣ್ಣವ, ಪುಟ್ಯಾ ಅಂದ ಹಾಗೆ. ‘ಚಾಕೊಲೇಟ್’ನಲ್ಲಿ ಮಾತ್ರ ಬಣ್ಣ ಐತಿ. ಬಿಳಿ ತೊಗಲಿಗೆ ಮರ್ಯಾದೆ ಇದ್ದ ಊರಲ್ಲಿ, ಬಿಳಿಯರು ಕುಣಿಯೋ ಹಾಲ್‌ನಲ್ಲಿ, ಕಂದು ಬಣ್ಣವನ್ನೇ ಹೆಸರಾಗಿ ಬೋರ್ಡ್ ಮೇಲೆ ಬರೆಸಿಕೊಂಡ. ಕೆಲವರು ಇದನ್ನ ಗಿರಾಕಿ ಕರೆಯೋ ಗಿಮಿಕ್ ಅಂತಾರೆ. ಇರಬಹುದು. ನನಗೆ ಅದರಲ್ಲಿ ಒಂಚೂರು ಸೆಡ್ಡು ಹೊಡೆದ ಹಾಗೆ ಕೇಳಿಸ್ತದ. ನಮ್ಮ ಕವಿಗಳು, ನಮ್ಮ ಸಂಘಟನೆಯವರು ಬೈಗುಳವಾಗಿದ್ದ ಜಾತಿ ಹೆಸರನ್ನು ಎತ್ತಿ ತಲೆ ಮೇಲೆ ಇಟ್ಟುಕೊಂಡದ್ದು ನೆನಪಾಗ್ತದ.

1947ಕ್ಕೆ ಬಿಳಿಯರು ಹೋದ್ರು. 1949ರಲ್ಲಿ ಬಾಂಬೆ ಪ್ರಾಂತ್ಯದಲ್ಲಿ ಪಾನನಿಷೇಧ ಕಾಯ್ದೆ ಬಂತು. ಬೆಳಗಾವಿ ಆಗ ಬಾಂಬೆಗೇ ಸೇರಿತ್ತು, ಹಾಗಾಗಿ ನಮಗೂ ಅದೇ ಕಾಯ್ದೆ. ಹೋಟೆಲ್‌ಗಳಲ್ಲಿ ಕುಡಿತ ನಿಂತ ಮೇಲೆ ಕುಣಿತ ಕಡಿಮೆ ಆಯ್ತು, ಕುಣಿತ ಕಡಿಮೆ ಆದಮೇಲೆ ಬ್ಯಾಂಡಿನವರಿಗೆ ಕೆಲಸ ಇಲ್ಲ. ಅವರಿಗೆ ಉಳಿದ ದಾರಿ ಒಂದೇ, ಸಿನಿಮಾ ಸ್ಟುಡಿಯೋ.

ಸಿನಿಮಾದಲ್ಲಿ ಕೆಲಸ ಹೆಂಗ ನಡೀತಿತ್ತು ಅಂತ ತಿಳ್ಕೊಳ್ರಿ. ಸಂಗೀತ ನಿರ್ದೇಶಕ ಹಾರ್ಮೋನಿಯಂ ಮುಂದೆ ಕೂತು ಧಾಟಿ ಗುನುಗ್ತಾನೆ. ಅವನಿಗೆ ರಾಗ ಗೊತ್ತು, ಆದರೆ ಬಹಳ ಜನಕ್ಕೆ ಸ್ವರಲಿಪಿ ಬರೆಯೋಕೆ ಬರೋದಿಲ್ಲ. ಎದುರಿಗೆ ಗೋವಾದವನು ಕಾಗದ ಹಿಡಿದು ಕೂತಿರ್ತಾನೆ. ಕೇಳಿದ್ದನ್ನ ಬರಕೊಳ್ತಾನೆ. ಎಲ್ಲಿ ಪಿಟೀಲು ಬರಬೇಕು, ಎಲ್ಲಿ ಟ್ರಂಪೆಟ್ ಏರಬೇಕು, ಪಲ್ಲವಿ ಮುಗಿದು ಚರಣ ಶುರುವಾಗೋ ಮುಂಚೆ ಆ ನಡುವಿನ ಸಂಗೀತ ಏನಿರಬೇಕು, ಇದನ್ನೆಲ್ಲ ಅವನೇ ಜೋಡಿಸ್ತಾನೆ. ಹತ್ತಾರು ವಾದ್ಯಗಾರರಿಗೆ ಒಬ್ಬೊಬ್ಬರ ಪಾಲು ಬೇರೆ ಬೇರೆ ಬರೆದು ಕೊಡ್ತಾನೆ. ರಿಹರ್ಸಲ್ ಮಾಡಿಸ್ತಾನೆ, ಎಷ್ಟೋ ಸಲ ತಾನೇ ಊದ್ತಾನೆ. ರೆಕಾರ್ಡಿಂಗ್‌ನಲ್ಲಿ ಒಬ್ಬ ತಪ್ಪಿದರೂ ಎಲ್ಲರೂ ಮೊದಲಿಂದ. ಕೊನೆಗೆ ಪರದೆ ಮೇಲೆ ಬರೋ ಹೆಸರು ಸಂಗೀತ ನಿರ್ದೇಶಕನದು. ಇವನಿಗೆ ಬಹಳಾದ್ರೆ ‘ಸಹಾಯಕ’ ಅಂತ ಸಣ್ಣ ಅಕ್ಷರ. ಮಿಕ್ಕ ವಾದ್ಯಗಾರರಿಗೆ ದಿನಗೂಲಿ. ಹೆಸರು ಎಲ್ಲೂ ಇಲ್ಲ.

ಚಿಕ್ ಚಾಕೊಲೇಟ್ ಸಿ. ರಾಮಚಂದ್ರರಿಗೆ ಹೀಗೆ ಸಹಾಯಕನಾದ. ಹಿಂದಿ ಸಿನಿಮಾ ಹಾಡಿಗೆ ಸ್ವಿಂಗ್‌ನ ನಡೆ, ಲ್ಯಾಟಿನ್ ಅಮೆರಿಕದ ತಾಳ ಬಂದು ಸೇರಿದ್ದು ಈ ಜೋಡಿಯಿಂದ ಅಂತ ತಿಳಿದವರು ಹೇಳ್ತಾರೆ. ಆಮೇಲೆ ಮದನ್ ಮೋಹನ್ ಜೊತೆಗೂ ಕೆಲಸ ಮಾಡಿದ. ರಾಮಚಂದ್ರರ ಪುಣ್ಯ, ಅವನನ್ನ ತೆರೆಯ ಹಿಂದೆ ಮಾತ್ರ ಇಡಲಿಲ್ಲ. ‘ಅಲ್‌ಬೇಲಾ’ದಲ್ಲಿ ಕ್ಯಾಮೆರಾ ಮುಂದೆ ತಂದು ನಿಲ್ಲಿಸಿದ್ರು. ಅದೇ 1951ರಲ್ಲಿ ದೇವ್ ಆನಂದ್, ಮಧುಬಾಲಾ ಇದ್ದ ‘ನಾದಾನ್’ ಸಿನಿಮಾಕ್ಕೆ ಚಿಕ್ ಚಾಕೊಲೇಟ್ ತಾನೇ ಸಂಗೀತ ನಿರ್ದೇಶಕ. 1956ರ ‘ಕರ್ ಭಲಾ’ದಲ್ಲೂ ಅವನ ಹೆಸರು ಐತಿ. ಆದರೆ ಆ ಕುರ್ಚಿಯಲ್ಲಿ ಬಹಳ ದಿನ ನಿಲ್ಲೋಕೆ ಆಗಲಿಲ್ಲ, ಮತ್ತೆ ಸಹಾಯಕನ ಕೆಲಸವೇ ಹೆಚ್ಚು. 1967ರಲ್ಲಿ ತೀರಿಕೊಂಡ. ವಯಸ್ಸು 51.

ಅವನೊಬ್ಬನೇ ಅಲ್ಲ. ಫ್ರಾಂಕ್ ಫೆರ್ನಾಂಡ್, ಸೆಬಾಸ್ಟಿಯನ್ ಡಿಸೋಜಾ, ಆಂಥನಿ ಗೊನ್ಸಾಲ್ವಿಸ್... ಹಿಂದಿ ಹಾಡಿನ ಚಿನ್ನದ ಕಾಲ ಅಂತ ನಾವು ಕಣ್ಣು ಮುಚ್ಚಿ ಕೇಳ್ತೀವಲ್ಲ, ಅದರ ಗಾರೆ ಕೆಲಸ ಇವರದು. ಆಂಥನಿ ಗೊನ್ಸಾಲ್ವಿಸ್ ಹೆಸರು ಮಾತ್ರ 1977ರ ‘ಅಮರ್ ಅಕ್ಬರ್ ಆಂಥನಿ’ಯಿಂದ ದೇಶಕ್ಕೆಲ್ಲ ಗೊತ್ತಾಯ್ತು. ತನ್ನ ಪಿಟೀಲು ಗುರುವಿನ ನೆನಪಿಗೆ ಪ್ಯಾರೇಲಾಲ್ ಮಾಡಿದ ಕೆಲಸ ಅದು. ಅಮಿತಾಬ್ ಮೊಟ್ಟೆಯೊಳಗಿಂದ ಎದ್ದು ಬಂದು ಹೇಳೋ ಆ ಹೆಸರಿನ ಒಬ್ಬ ಖರೇ ಮನುಷ್ಯ ಗೋವಾದ ಮಜೋರ್ಡಾದಲ್ಲಿ ಇದ್ದ ಅಂತ ಎಷ್ಟು ಜನಕ್ಕೆ ಗೊತ್ತಿತ್ತು?

ಭಗವಾನ್ ದಾದಾನ ಕತೆಯೂ ಇದರ ಜೊತೆಗೇ ಬರ್ತದ. ಗಿರಣಿ ಕಾರ್ಮಿಕನ ಮಗ. ‘ಅಲ್‌ಬೇಲಾ’ ಗೆದ್ದಾಗ ಬಂಗಲೆ, ಕಾರು ಎಲ್ಲಾ ಬಂತು. ಆಮೇಲಿನ ಸಿನಿಮಾಗಳು ಮುಳುಗಿ ಎಲ್ಲಾ ಹೋಯ್ತು. ದಾದರ್‌ನ ಚಾಳಿಗೆ ವಾಪಸ್ ಬಂದು 2002ರಲ್ಲಿ ಅಲ್ಲೇ ತೀರಿಕೊಂಡ. ಗಣಪತಿ ಮೆರವಣಿಗೆಯ ಬ್ಯಾಂಡಿನವರು ಅವನ ಚಾಳಿನ ಮುಂದೆ ನಿಂತು ‘ಶೋಲಾ ಜೋ ಭಡಕೆ’ ಬಾರಿಸಿಯೇ ಮುಂದೆ ಹೋಗ್ತಿದ್ರಂತೆ. ಮರ್ಯಾದೆ ಕೊಡೋದು ಹೆಂಗ ಅಂತ ಬ್ಯಾಂಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಈಗ ನಮ್ಮ ಕಡೆಗೆ ಬರ್ತೇನೆ. ನಮ್ಮ ಜಿಲ್ಲೆಯಲ್ಲಿ ಯಾವ ಕಾರ್ಯ ವಾದ್ಯ ಇಲ್ಲದೆ ಆಗ್ತದ? ಸತ್ತರೆ ಹಲಗಿ, ಜಾತ್ರೆಗೆ ಹಲಗಿ, ಡಂಗುರಕ್ಕೆ ಹಲಗಿ. ಅದನ್ನ ಹಿಡಿದವರು ಹೊಲೆಯರು, ಮಾದಿಗರು. ಸನಾದಿ ಊದಿದವರು ಕೊರವರು, ಭಜಂತ್ರಿಗಳು. ಸವದತ್ತಿ ಗುಡ್ಡಕ್ಕೆ ಚೌಡಕಿ ಹಿಡಿದು ಹತ್ತಿದವರು ಜೋಗತಿಯರು. ಅವರಲ್ಲಿ ಎಷ್ಟು ಜನ ನಮ್ಮ ಕೇರಿಯ ಹೆಣ್ಣುಮಕ್ಕಳು, ಅದು ಹೆಂಗ ಆಯ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈ ಬಾರಿಸೋದು ಕಲೆ ಅಂತ ಯಾರೂ ಕರೀಲಿಲ್ಲ, ಬಿಟ್ಟಿ ಚಾಕರಿ ಅಂತ ಕರೆದ್ರು. ವರ್ಷಕ್ಕೊಮ್ಮೆ ಕಣದಲ್ಲಿ ಆಯದ ಕಾಳು. ಹೋಗದಿದ್ದರೆ ಬಹಿಷ್ಕಾರ. 1977ರಲ್ಲಿ ರಾಜ್‌ಕುಮಾರ್ ‘ಸನಾದಿ ಅಪ್ಪಣ್ಣ’ ಮಾಡಿದಾಗ ಬಿಸ್ಮಿಲ್ಲಾ ಖಾನ್ ಶಹನಾಯಿ ಊದಿದ್ರು, ನಾಡೆಲ್ಲ ಚಪ್ಪಾಳೆ ಹೊಡೀತು. ಊರಲ್ಲಿ ಸನಾದಿ ಊದೋ ಅಪ್ಪಣ್ಣಗಳು ಆವತ್ತೂ ಹಂದರದ ಹೊರಗೇ ಕೂತಿದ್ರು.

ನಮ್ಮ ಕಾಕಾ ಒಬ್ಬರು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದ್ತಿದ್ರು. ಕೆಂಪು ಕೋಟು, ಹೆಗಲ ಮೇಲೆ ಹಳದಿ ಗೊಂಡೆ, ಕಾಲಲ್ಲಿ ಹವಾಯಿ ಚಪ್ಪಲಿ. ‘ಅಲ್‌ಬೇಲಾ’ ಹಾಡುಗಳನ್ನ ಕಣ್ಣು ಮುಚ್ಚಿ ಊದ್ತಿದ್ರು. ಸ್ವರಲಿಪಿ ಗೊತ್ತಿಲ್ಲ, ಎಲ್ಲಾ ಕಿವಿಯಿಂದ ಕಲಿತದ್ದು. ಒಂದು ಮದುವೆಯಲ್ಲಿ ನಾನು ಸಣ್ಣವನಿದ್ದಾಗ ಅವರ ಜೊತೆ ಹೋಗಿದ್ದೆ. ವರನನ್ನು ಕುದುರೆಯಿಂದ ಇಳಿಸೋ ತನಕ ಬ್ಯಾಂಡಿನವರೇ ಮುಂದೆ. ಊಟದ ಹೊತ್ತಿಗೆ ಅವರನ್ನ ಹಿತ್ತಲ ಕಡೆ, ಜನರೇಟರ್ ಮಗ್ಗುಲಿಗೆ ಕೂರಿಸಿದ್ರು. ಕಾಕಾ ಏನೂ ಅನ್ನಲಿಲ್ಲ. ಕ್ಲಾರಿನೆಟ್ ಬಿಚ್ಚಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಆಮೇಲೆ ಕೈ ತೊಳ್ಕೊಂಡ್ರು. ಕಾಟನ್ ಕ್ಲಬ್ ಬಗ್ಗೆ ಓದಿದಾಗ ನನಗೆ ಹಾರ್ಲೆಮ್ ಕಾಣಲಿಲ್ಲ, ಆ ಜನರೇಟರ್ ಕಾಣಿಸ್ತು.

ಇದು ಗೊತ್ತಿದ್ದೇ ನಮ್ಮ ಹಿಂದಿನವರು ಹಲಗಿ ಕೆಳಗಿಟ್ಟದ್ದು. ಬಾಬಾಸಾಹೇಬರು ಸತ್ತ ದನ ಹೊರೋದು ಬಿಡ್ರಿ, ಊರ ಬಿಟ್ಟಿ ಬಿಡ್ರಿ ಅಂದಾಗ ಬಿಟ್ಟವರು ಉಪವಾಸ ಬಿದ್ದು ಬಿಟ್ಟರು. 1925ರಲ್ಲೇ ಅವರು ನಮ್ಮ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತಾಡಿ ಹೋದವರು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬಂದಾಗಲೂ ಎಷ್ಟೋ ಊರಲ್ಲಿ ‘ಇನ್ನು ಬಾರಿಸೋದಿಲ್ಲ’ ಅನ್ನೋದೇ ಮೊದಲ ಹೋರಾಟ. ಹಾಗಾಗಿ ಯಾರಾದರೂ ಪಟ್ಟಣದಲ್ಲಿ ಕೂತು ‘ಹಲಗಿ ನಿಮ್ಮ ಪರಂಪರೆ, ಬಿಡಬ್ಯಾಡ್ರಿ’ ಅಂದ್ರೆ ನನಗೆ ಸಿಟ್ಟು ಬರ್ತದ. ಬಿಟ್ಟವರ ಬೆನ್ನ ಮೇಲಿನ ಬಾಸುಂಡೆ ನೋಡಿ ಮಾತಾಡ್ರಿ.

ಆದರೆ ಅದೇ ಸಂಘರ್ಷ ಸಮಿತಿ ಬೀದಿಗೆ ಇಳಿದಾಗ ಹಾಡಿಲ್ಲದೆ ಇಳೀಲಿಲ್ಲ, ಹಲಗಿ ತಮಟೆ ಇಲ್ಲದೆ ಹಾಡಲಿಲ್ಲ. ಮಹಾರಾಷ್ಟ್ರದಲ್ಲಿ 1930ರ ದಶಕದಲ್ಲೇ ತಮಾಷಾದ ವಾದ್ಯ ತಗೊಂಡು, ಅದರೊಳಗಿನ ಕೊಳಕು ತೆಗೆದು ಅಂಬೇಡ್ಕರಿ ಜಲಸಾ ಕಟ್ಟಿದ್ರು. ಗೌಡನ ಮನೆ ಮುಂದೆ ಬಾರಿಸೋದು ಬೇರೆ, ಜಯಂತಿಯಲ್ಲಿ ನಮ್ಮ ಮುಂದೆ ನಾವು ಬಾರಿಸೋದು ಬೇರೆ. ತೊಗಲು ಒಂದೇ. ಯಾರು ಕರೆದ್ರು, ಬಾರಿಸಿದ ಮೇಲೆ ಎಲ್ಲಿ ಕೂರಿಸಿದ್ರು, ಎಷ್ಟು ಕೊಟ್ರು, ಕರಪತ್ರದಲ್ಲಿ ಹೆಸರು ಹಾಕಿದ್ರೋ ಇಲ್ಲೋ, ನಾನು ಕೇಳೋದು ಇಷ್ಟು. ಎಲಿಂಗ್ಟನ್ ಕಾಟನ್ ಕ್ಲಬ್ಬಿನ ತೋಟದ ಅಲಂಕಾರದ ಮುಂದೆ ಕೂತು ಬಾರಿಸಿದ್ದೂ ಪಿಯಾನೋನೇ, ಕಾರ್ನೆಗಿ ಹಾಲ್‌ನಲ್ಲಿ 1943ರಲ್ಲಿ ತನ್ನ ಜನರ ಗುಲಾಮಗಿರಿಯಿಂದ ಇವತ್ತಿನ ತನಕದ ಚರಿತ್ರೆಯನ್ನೇ ದೊಡ್ಡ ಕೃತಿ ಮಾಡಿ ಬಾರಿಸಿದ್ದೂ ಪಿಯಾನೋನೇ. ಅದೇ ಎಲಿಂಗ್ಟನ್ 1963ರಲ್ಲಿ ಭಾರತಕ್ಕೂ ಬಂದಿದ್ದ. ಕಳಿಸಿದ್ದು ಅಮೆರಿಕ ಸರ್ಕಾರ. ತಮ್ಮ ದೇಶದಲ್ಲಿ ಎಲ್ಲರೂ ಸಮಾನರು ಅಂತ ನಮಗೆ ತೋರಿಸೋಕೆ! ಅದೇ ವರ್ಷ ಅವರ ಬರ್ಮಿಂಗ್‌ಹ್ಯಾಮ್ ಊರಲ್ಲಿ ಕಪ್ಪು ಮಕ್ಕಳ ಮೇಲೆ ಪೊಲೀಸ್ ನಾಯಿ ಬಿಟ್ಟಿದ್ರು.

ಕಾಕಾ ಈಗ ಇಲ್ಲ. ಕ್ಲಾರಿನೆಟ್ ನಮ್ಮ ಮನೆಯಲ್ಲೇ ಐತಿ, ಎರಡು ಕೀಲಿ ಮುರಿದಾವ. ಅವರ ಕಂಪನಿಯ ಮಾಲೀಕರ ಹೆಸರು ಬೋರ್ಡ್ ಮೇಲೆ ಇತ್ತು, ಹಂಗಾಗಿ ಊರಿಗೆಲ್ಲ ನೆನಪೈತಿ. ಊದಿದವರ, ಬಾರಿಸಿದವರ ಹೆಸರು ಕೇಳಿದರೆ ‘ಆ ಉದ್ದಕಿದ್ದನಲ್ಲ, ಅವ’, ‘ಆ ಡೋಲಿನವ’ ಅಂತಾರೆ. ಗೋವಾದವರ ಹೆಸರುಗಳನ್ನ ಕೊನೆಗೂ ಹುಡುಕಿ ಬರೆದದ್ದು 2012ರಲ್ಲಿ ನರೇಶ್ ಫೆರ್ನಾಂಡಿಸ್ ಅನ್ನೋ ಪತ್ರಕರ್ತ, ಬಾಂಬೆಯ ಜಾಝ್ ಬಗ್ಗೆ ಒಂದು ಇಡೀ ಪುಸ್ತಕ ಮಾಡಿ. ಆ ಹೊತ್ತಿಗೆ ಆ ತಲೆಮಾರಿನವರಲ್ಲಿ ಬಹಳ ಜನ ಹೋಗಿಬಿಟ್ಟಿದ್ರು.

ನಾನು ಒಂದು ನೋಟ್‌ಬುಕ್ ಇಟ್ಟೇನಿ. ಬೆಳಗಾವಿ, ಖಾನಾಪುರ, ಬೈಲಹೊಂಗಲ, ಹುಕ್ಕೇರಿ ಕಡೆ ಬ್ಯಾಂಡ್ ಕಂಪನಿಯಲ್ಲಿ, ಸನಾದಿ ಮೇಳದಲ್ಲಿ, ಹಲಗಿ ಮೇಳದಲ್ಲಿ ಇದ್ದವರ ಹೆಸರು ಬರಕೊಳ್ತಾ ಇದ್ದೇನೆ. ನಿಮ್ಮ ಅಪ್ಪ, ಅಜ್ಜ, ಮಾಮಾ, ಕಾಕಾ, ಚೌಡಕಿ ಹಿಡಿದ ಅಜ್ಜಿ, ಯಾರೇ ಇದ್ದರೂ ಹೇಳ್ರಿ. ಪೂರಾ ಹೆಸರು, ಊರು, ಯಾವ ವಾದ್ಯ, ಸುಮಾರು ಯಾವ ಇಸವಿ. ಫೋಟೋ ಇದ್ದರೆ ಇನ್ನೂ ಚಲೋ. ಮನೆಯವರ ಒಪ್ಪಿಗೆ ಕೇಳಿ ಇನ್‌ಬಾಕ್ಸ್ ಮಾಡ್ರಿ, ಕಮೆಂಟ್‌ನಲ್ಲಿ ಹಾಕಬ್ಯಾಡ್ರಿ. ಶನಿವಾರ, ರವಿವಾರ ನಾನು ಮನೆಯಲ್ಲೇ ಇರ್ತೇನೆ, ಬಂದರೂ ಆಯ್ತು.